ಅದು ಹಲ್ಲುಜ್ಜದ ತಪ್ಪಲ್ಲ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ನಮಸ್ಕಾರ.

ನಾನು ಅಂಕೋಲಾ ತಾಲೂಕಿನ ಸರಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ನನ್ನ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಬಿಸಿಯೂಟಕ್ಕೆ ಕೂತರೆ ಸಾರು ಪೂರಾ ಆರುವವರೆಗೆ ತಟ್ಟೆ ಮುಟ್ಟುವುದಿಲ್ಲ. ನೀರನ್ನು ತಲೆಯೆತ್ತಿ, ಹಲ್ಲಿಗೆ ತಾಗದ ಹಾಗೆ ಗಂಟಲಿಗೇ ಸುರಿದುಕೊಳ್ಳುತ್ತಾನೆ. ನಗು ಬಂದರೆ ಅಂಗೈ ಬಾಯಿಗೆ ಹೋಗುತ್ತದೆ. ಹಲ್ಲುಗಳೆಲ್ಲ ಹಳದಿ ಮಿಶ್ರಿತ ಕಂದು, ಮುಟ್ಟಿದರೆ ಒರಟು. ಹೋದ ವರ್ಷ ನಾನೇ ಅವನನ್ನು ಎಲ್ಲರೆದುರು ನಿಲ್ಲಿಸಿ, ಹಲ್ಲುಜ್ಜುವುದಿಲ್ಲವಾ ಎಂದು ಬೈದಿದ್ದೆ. "ದಿನಾ ತಿಕ್ತೆ ಅಕ್ಕೋರೆ" ಅಂದಿದ್ದ. ನಾನು ನಂಬಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ.

ಹತ್ತಿರದ ಕ್ಲಿನಿಕ್ಕೊಂದರಲ್ಲೂ ಪೇಸ್ಟು ಬರೆದುಕೊಟ್ಟು, ಸರಿಯಾಗಿ ಉಜ್ಜಿಸಿ ಎಂದು ಕಳಿಸಿದ್ದರಂತೆ. ಕೊನೆಗೆ ಅವನ ಮನೆಯವರು ಎರಡು ದಿನದ ಕೂಲಿ ಬಿಟ್ಟು, ಅರಬೈಲು ಘಾಟಿ ಹತ್ತಿ ಧಾರವಾಡಕ್ಕೆ ಹೋದರು. ಅಲ್ಲಿ ಮಕ್ಕಳ ದಂತವೈದ್ಯರು ಹುಡುಗನ ಬಾಯಿ ನೋಡಿದವರೇ ತಾಯಿಗೂ ಬಾಯಿ ತೆರೆಯಲು ಹೇಳಿದರು. ಆಕೆಯ ಮುಂದಿನ ಹಲ್ಲುಗಳ ಮೇಲೆ ಉದ್ದುದ್ದಕ್ಕೆ ಗೆರೆಗಳು. ತನ್ನ ಅಪ್ಪನ ಹಲ್ಲೂ ಮಗನ ಹಲ್ಲಿನ ಹಾಗೇ ಇತ್ತೆಂದು ಆಕೆಗೆ ಆಗ ನೆನಪಾಯಿತು.

ಇದಕ್ಕೆ ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಎಂದು ಹೆಸರು. ಹಲ್ಲಿನ ಹೊರಗಿನ ಗಟ್ಟಿ ಹೊದಿಕೆಯಾದ ಎನಾಮಲ್ಲನ್ನು ಕಟ್ಟುವ ಜೀವಕೋಶಗಳು ಮೊದಲು ಪ್ರೋಟೀನಿನ ಅಚ್ಚು ಹಾಕುತ್ತವೆ. ಆಮೇಲೆ ಅದನ್ನು ಕರಗಿಸಿ ತೆಗೆದು ಖನಿಜ ತುಂಬುತ್ತವೆ. ಗಟ್ಟಿ ಎನಾಮಲ್ಲಿನ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಅಚ್ಚಿನ ಪ್ರೋಟೀನಿಗೆ ಬೇಕಾದ ಒಂದು ವಂಶವಾಹಿ, ಅಮೆಲ್‌ಎಕ್ಸ್, ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಗುವಿಗೆ ಇರುವುದು ಒಂದೇ ಎಕ್ಸ್, ಆದ್ದರಿಂದ ಅದು ಕೆಟ್ಟರೆ ಎಲ್ಲ ಹಲ್ಲೂ ಕೆಡುತ್ತದೆ. ಹೆಣ್ಣಿಗೆ ಎರಡು. ಕೆಲವು ಜೀವಕೋಶಗಳಲ್ಲಿ ಒಂದು, ಉಳಿದವುಗಳಲ್ಲಿ ಇನ್ನೊಂದು ಕೆಲಸ ಮಾಡುವುದರಿಂದ ಒಳ್ಳೆಯ ಪಟ್ಟಿಯ ಪಕ್ಕ ಕೆಟ್ಟ ಪಟ್ಟಿ ಬರುತ್ತದೆ. ಆ ತಾಯಿಯ ಹಲ್ಲಿನ ಗೆರೆಗಳು ಅವೇ. ಹಲ್ಲು ಮೂಡುವ ಹೊತ್ತಿಗೆ ಈ ಜೀವಕೋಶಗಳು ಉಳಿದಿರುವುದಿಲ್ಲ, ಹಾಗಾಗಿ ಎಷ್ಟು ಉಜ್ಜಿದರೂ ಎನಾಮಲ್ ಮತ್ತೆ ಬೆಳೆಯದು.

ಬೇರೆ ವಂಶವಾಹಿಗಳಿಂದಲೂ ಹೀಗಾಗುತ್ತದೆ. ಕೆಲವು ಬಗೆಗಳಲ್ಲಿ ತಂದೆ ತಾಯಿ ಇಬ್ಬರ ಹಲ್ಲೂ ಚೆನ್ನಾಗಿದ್ದು, ಇಬ್ಬರಲ್ಲೂ ಅಡಗಿದ್ದ ದೋಷ ಮಗುವಿನಲ್ಲಿ ಕೂಡಿಕೊಳ್ಳುತ್ತದೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಂದೇ ದೋಷ ಇಬ್ಬರಲ್ಲೂ ಅಡಗಿರುವ ಸಾಧ್ಯತೆ ಹೆಚ್ಚಿರುವ, ಸೋದರಿಕೆಯಲ್ಲಿ ಮದುವೆಯಾಗುವ ಮನೆಗಳಿಗೆ ಇದನ್ನು ಯಾರನ್ನೂ ದೂರದೆ ತಿಳಿಸಿ ಹೇಳುವವರು ಬೇಕು. ಕಂದು ಹಲ್ಲೆಲ್ಲ ವಂಶದಿಂದಲೇ ಬಂದದ್ದೂ ಅಲ್ಲ, ನೀರಿನ ಫ್ಲೋರೈಡ್ ಹೆಚ್ಚಾದರೂ ಕಲೆ ಬೀಳುತ್ತದೆ. ಆದ್ದರಿಂದಲೇ ಮಗುವಿನ ಜೊತೆ ಮನೆಯವರ ಬಾಯನ್ನೂ ನೋಡಬೇಕು ಎನ್ನುತ್ತಿದ್ದೇನೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಕ್ಕಳ ಆರೋಗ್ಯ ತಪಾಸಣೆಯಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ಹೊಸ ಯೋಜನೆ ಬೇಡ ಸರ್. ತಪಾಸಣೆಯ ಹಾಳೆಯಲ್ಲಿ ಹುಳುಕು ಬೇರೆ, ಎನಾಮಲ್ ದೋಷ ಬೇರೆ ಎಂದು ಬರೆಸಿ. ಮನೆಯಲ್ಲಿ ಇನ್ನಾರಿಗಾದರೂ ಇದೆಯೇ ಎಂಬ ಒಂದು ಪ್ರಶ್ನೆ ಸೇರಿಸಿ. ಆರನೇ ವರ್ಷದ ಸುಮಾರಿಗೆ ಮೊದಲ ಕಾಯಂ ದವಡೆ ಹಲ್ಲು ಮೂಡುತ್ತದೆ. ಆಗಲೇ ಸ್ಟೀಲ್ ಕ್ಯಾಪ್ ಹಾಕಿದರೆ ಹಲ್ಲು ಸವೆಯದೆ ಉಳಿಯುತ್ತದೆ, ಮಗು ನೋವಿಲ್ಲದೆ ಅಗಿಯುತ್ತದೆ. ಆ ಕ್ಯಾಪುಗಳು ತಾಲೂಕು ಆಸ್ಪತ್ರೆಗಳಲ್ಲೇ ಸಿಗಲಿ. ತಿಂಗಳಿಗೊಂದು ದಿನವಾದರೂ ಮಕ್ಕಳ ದಂತವೈದ್ಯರು ಕಾರವಾರದ ಜಿಲ್ಲಾಸ್ಪತ್ರೆಗೆ ಬರಲಿ. ಹಲ್ಲಿಲ್ಲದ ಬಡ ಹಿರಿಯರಿಗೆ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ಟು ಕೊಡುತ್ತಿರುವ ಸರಕಾರಕ್ಕೆ ಇದು ದೊಡ್ಡ ಹೊರೆಯಾಗಲಾರದು.

ಆ ಹುಡುಗನ ತಂಗಿ ಬರುವ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುತ್ತಾಳೆ. ಅವಳ ಹಾಲುಹಲ್ಲುಗಳ ಮೇಲೂ ಗೆರೆಗಳಿವೆ. ಕಾಯಂ ದವಡೆ ಹಲ್ಲು ಇನ್ನೂ ಮೂಡಿಲ್ಲ. ಅದು ಮೂಡುವ ಮೊದಲು ನಿಮ್ಮ ಆದೇಶ ಹೊರಡಲಿ ಎಂದು ಕೈಮುಗಿದು ಕೇಳುತ್ತೇನೆ.

ಇತಿ,
ಅಂಕೋಲಾ ತಾಲೂಕಿನ ಒಬ್ಬ ಶಿಕ್ಷಕಿ