ಅಷ್ಟು ಹೊತ್ತು ಕಾಡಲ್ಲಿ ಏನು ಮಾಡ್ತಿದ್ದೆ?

ಪ್ರೀತಿಯ ಗೆಳೆಯಾ,

ಮೊನ್ನೆ ಕಾಡುದಾರಿಯ ಓಟದ ರೇಸ್ ಮುಗಿಸಿ ಶಿರಸಿಗೆ ವಾಪಸ್ ಬರುವಾಗ ಕಾರಿನಲ್ಲಿ ನೀನು ಕೇಳಿದೆ: "ಅಷ್ಟು ಹೊತ್ತು ಕಾಡಲ್ಲಿ ಏನು ಮಾಡ್ತಿದ್ದೆ ಮಾರಾಯ?" ನನಗೆ ಕಾಲು ಸೆಟೆದುಕೊಂಡಿತ್ತು, ಹೊಟ್ಟೆ ಹಸಿದಿತ್ತು. "ಓಡ್ತಿದ್ದೆ" ಅಂದು ಕಣ್ಣು ಮುಚ್ಚಿದೆ. ನೀನು ನಕ್ಕೆ. ನಗಬೇಕಾದದ್ದೇ ಬಿಡು. ಅದೇ 21 ಕಿಲೋಮೀಟರ್ ನಿನಗೆ 2 ಗಂಟೆ 15 ನಿಮಿಷ, ನನಗೆ 4 ಗಂಟೆ 50 ನಿಮಿಷ. ಕಟ್ ಆಫ್, ಅಂದರೆ ಓಟ ಮುಗಿಸಲು ಕೊಟ್ಟ ಗಡುವು, ಒಟ್ಟು 5 ಗಂಟೆ.

ಮೊದಲ ಏರು ಮುಗಿಯುವಷ್ಟರಲ್ಲಿ ನನ್ನ ಹಿಂದೆ ಉಳಿದವನು ಸ್ವೀಪರ್ ಹುಡುಗ ಒಬ್ಬನೇ. ಎಲ್ಲರಿಗಿಂತ ಹಿಂದೆ ಬರುವುದೇ ಅವನ ಕೆಲಸ. ನಾನು ನಿಂತರೆ ನಿಲ್ಲುತ್ತಾನೆ, ನಡೆದರೆ ನಡೆಯುತ್ತಾನೆ. ಒಂದು ಮಾತು ಆಡುವುದಿಲ್ಲ. ಸಂಜೆ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುವ ದನದ ಹಾಗೆ ಅನ್ನಿಸಿತು ನನಗೆ. ಮೊದಲ ಒಂದು ಗಂಟೆ ಅವನ ಮೇಲೆ ಸಿಟ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ತಿರುಗಿ ನೋಡಿದೆ. ದಾರಿ ತೋರಿಸಲು ಮರಕ್ಕೆ ಕಟ್ಟಿದ್ದ ಕೆಂಪು ರಿಬ್ಬನ್‌ಗಳನ್ನು ಅವನು ಒಂದೊಂದೇ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ನಾನು ದಾಟಿದ ಮೇಲೆ ಅಲ್ಲಿ ರೇಸಿನ ಗುರುತೇ ಇಲ್ಲ. ಹಿಂದೆ ಬರೀ ಕಾಡು.

ಸೊಪ್ಪಿನ ಬೆಟ್ಟದ ಇಳಿಜಾರು ನೆನಪಿದೆಯಾ? ಉದುರಿದ ಒಣ ಎಲೆ, ನಮ್ಮ ದರಕು, ಮೊಣಕಾಲುದ್ದ, ಕೆಳಗೆ ಉರುಟು ಕಲ್ಲು ಎಲ್ಲಿದೆ ಅಂತ ಕಾಣುವುದೇ ಇಲ್ಲ. ನಿಮಗೆಲ್ಲ ಏರಿನ ಚಿಂತೆ. ನನಗೆ ಇಳಿಯುವುದೇ ಕಷ್ಟ, ತೊಡೆ ನಡುಗಲು ಶುರುವಾಗುತ್ತದೆ. ಕುಂಡೆ ಊರಿಕೊಂಡೇ ಅರ್ಧ ಇಳಿದೆ. ಹುಡುಗ ಆಗ ಮೊದಲ ಸಲ ಬಾಯಿ ಬಿಟ್ಟ. ಈ ದರಕನ್ನು ಗುಡಿಸಿ ಕೊಟ್ಟಿಗೆಗೆ ಹಾಸುತ್ತಾರೆ, ಅದೇ ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗುತ್ತದೆ, ಸಣ್ಣವನಿದ್ದಾಗ ತಾನೂ ಕಲ್ಲಿ (ದರಕು ಹೊರುವ ಬಲೆ) ತುಂಬ ಹೊತ್ತಿದ್ದೇನೆ ಅಂದ. ಅದರ ಮೇಲೆ ಜಾರುವವರನ್ನು ಮಾತ್ರ ಇವತ್ತೇ ನೋಡಿದ್ದಂತೆ.

14ನೇ ಕಿಲೋಮೀಟರಿನ ಸ್ಟಾಲ್‌ನಲ್ಲಿ ನೀನು ಕಿತ್ತಳೆ ತಿಂದೆಯಂತೆ. ನಾನು ಬಂದಾಗ ಟೇಬಲ್ಲೂ ಇರಲಿಲ್ಲ. ಸಿಪ್ಪೆ ಇತ್ತು. ನಾವೂ ಅಷ್ಟೇ ದುಡ್ಡು ಕೊಟ್ಟಿರುತ್ತೇವೆ ಅಲ್ವಾ?

ಕಾಲುಸಂಕ ದಾಟಿದ ಮೇಲೆ ಒಂದು ತೋಟ ಬಂತಲ್ಲ, ಅದರ ದಣಪೆ (ಗಳು ಅಡ್ಡ ಹಾಕುವ ಬಾಗಿಲು) ಹತ್ತಿರ ವಯಸ್ಸಾದ ಅಮ್ಮ ಒಬ್ಬರು ಕೋಲು ಹಿಡಿದು ನಿಂತಿದ್ದರು. ದೂರದಿಂದಲೇ ಕೂಗಿದರು, "ಹಿಂದೆ ಯಾರಾದ್ರೂ ಇದ್ವನ ತಮಾ?"

"ಇಲ್ಲ ಅಮ್ಮ, ನಾನೇ ಕೊನೆ."

"ಅಬ್ಬಾ!" ಅಂದರು. ಅಷ್ಟು ಸಂತೋಷದಿಂದ ನನ್ನನ್ನು ಯಾರೂ ಎದುರುಗೊಂಡಿಲ್ಲ. ವಿಷಯ ಏನೆಂದರೆ, ಮುಂದೆ ಹೋದವರು ದಣಪೆ ಸರಿಸಿ, ಮತ್ತೆ ಹಾಕದೆ ಹೋಗಿದ್ದಾರೆ. ಎರಡು ದನ ತೋಟಕ್ಕೆ ನುಗ್ಗಿ ಎಳೆ ಬಾಳೆ ಮುಗಿಸಿವೆ. ಆಗಿನಿಂದ, ಅಂದರೆ ಬೆಳಗ್ಗೆ ಏಳೂವರೆಯಿಂದ, ಅವರು ಅಲ್ಲೇ ಕಾವಲು. ಕೊನೆಯವನು ಬಂದರೆ ದಣಪೆ ಹಾಕಿ ಒಳಗೆ ಹೋಗಬಹುದು. (ನೀನು ಹಾಕಿದ್ದೆಯಾ? ನಿಜ ಹೇಳು.)

"ಆಸ್ರಿಗೆ ಬೇಕನ?" ಅಂದರು. ಜಗಲಿಯಲ್ಲಿ ಕೂತು ಎರಡು ಚೊಂಬು ಮಜ್ಜಿಗೆ ಕುಡಿದೆ. ಅಲ್ಲೇ ಮಲಗಿಬಿಡೋಣ ಅನ್ನಿಸಿತು. ಜಪಾನಿನ ಶಿಜೊ ಕನಕುರಿ ಅಂತ ಒಬ್ಬ ಇದ್ದ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಸೆಕೆ ತಾಳಲಾರದೆ ದಾರಿ ಬದಿಯ ಮನೆಯವರ ಹತ್ತಿರ ಕುಡಿಯಲು ಇಸಿದುಕೊಂಡು, ಯಾರಿಗೂ ಹೇಳದೆ ಊರಿಗೆ ಹೋದ. 1967ರಲ್ಲಿ ಸ್ವೀಡನ್ನಿನವರೇ ಮತ್ತೆ ಕರೆಸಿ ಓಟ ಮುಗಿಸಿಸಿದರು. 54 ವರ್ಷ, 8 ತಿಂಗಳು ಚಿಲ್ಲರೆ. ಅವನಿಗೆ ಹೋಲಿಸಿದರೆ ನಾನು ಬಾಣ.

ಏಳುವಾಗ ತೋಟದಲ್ಲಿ ಕೊಯ್ಲು ನಡೆದಿತ್ತು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ಹೋಗುತ್ತಿದ್ದ. ಹಗ್ಗದಲ್ಲಿ ಕೊನೆ ಸರ್ರನೆ ಇಳಿದು ಬರುತ್ತಿತ್ತು. ಹುಡುಗ ನನ್ನನ್ನು ತೋರಿಸಿ ಮೇಲಕ್ಕೆ ಕೂಗಿದ, "ನಮ್ಮಲ್ಲೂ ಒಬ್ಬರು ಕೊನೆಗೌಡರು ಇದ್ದಾರೆ ನೋಡಿ!" ಮರದ ತುದಿಯಿಂದ ನಗು ಕೇಳಿಸಿತು. ನಾನೂ ನಕ್ಕೆ. ದಣಪೆಯ ಗಳು ಹಾಕಿದ್ದು ನಾನೇ, ಮೂರೂ.

ಉಳಿದದ್ದು ನಿನಗೆ ಗೊತ್ತು. ಓಟ ಮುಗಿಯುವಲ್ಲಿನ ಕಮಾನಿನ ಗಾಳಿ ಬಿಡುತ್ತಿದ್ದರು, ಮೆಡಲ್ ರಟ್ಟಿನ ಡಬ್ಬಿಯಿಂದ ಹುಡುಕಿ ಕೊಟ್ಟರು, ನೀನು ಕಾರಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದೆ.

ಮುಂದಿನ ವರ್ಷವೂ ಹೆಸರು ಕೊಡುತ್ತೇನೆ. ನೀನು ಒಂದು ದಿಂಬು ತಗೊಂಡು ಬಾ.

ನಿನ್ನ,
ಕೊನೆಗೌಡ