ಅಪ್ಪಯ್ಯ, ತೋಟ ಅಡ ಇಡುವುದು ಬೇಡ

ಫ್ರಿಸ್ಕೊ, ಟೆಕ್ಸಾಸ್
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ?

ನಿಮ್ಮ ಕಾಗದ ಶುಕ್ರವಾರ ಬಂತು. ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ನಿಜ. ಇಲ್ಲಿ ಹೋಟೆಲ್ ತೆರೆಯಲು ಬಾಡಿಗೆಗೆ ಹಿಡಿದ ಬೇರೆಯವರ ಕಟ್ಟಡದ ಒಳಗಿನ ಕೆಲಸಕ್ಕೆ ನಾವು ದುಡ್ಡು ಹಾಕುತ್ತಿದ್ದೇವೆ. ಆದರೆ ಅದಕ್ಕಾಗಿ ನೀವು ಸೊಸೈಟಿಯಲ್ಲಿ ತೋಟ ಅಡ ಇಡುವ ಮಾತು ಬೇಡವೇ ಬೇಡ. ಫೋನಿನಲ್ಲಿ ಹೇಳಿದರೆ ಲೆಕ್ಕ ಗೋಜಲಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಅಂಗಡಿ ಬಾಡಿಗೆಯನ್ನು ಚದರ ಅಡಿಗೆ ವರ್ಷಕ್ಕೆ ಇಷ್ಟು ಎಂದು ಹೇಳುತ್ತಾರೆ. ನಮ್ಮದು 1,800 ಚದರ ಅಡಿ, 30 ಡಾಲರ್. ಅಂದರೆ ತಿಂಗಳಿಗೆ 4,500. ಅದರ ಮೇಲೆ ಕಟ್ಟಡದ ತೆರಿಗೆ, ವಿಮೆ, ಪಾರ್ಕಿಂಗ್ ದೀಪ, ಕಸ ಎಲ್ಲದರಲ್ಲೂ ನಮ್ಮ ಪಾಲು. ಟ್ರಿಪಲ್ ನೆಟ್ ಎನ್ನುತ್ತಾರೆ. ಅದು ತಿಂಗಳಿಗೆ 1,500.

ಸಾಗರದ ಪೇಟೆಯಲ್ಲಿ ಅಂಗಡಿ ಹಿಡಿದರೆ ಅಡ್ವಾನ್ಸ್ ಕೊಟ್ಟು, ಒಳಗಿನ ಕೆಲಸವನ್ನೂ ನಾವೇ ಮಾಡಿಸಿಕೊಳ್ಳಬೇಕು. ಇಲ್ಲೂ ಡಿಪಾಸಿಟ್ ಇದೆ. ಆದರೆ ಒಳಗಿನ ಕೆಲಸಕ್ಕೆ ಮಾಲೀಕನೇ ಒಂದಿಷ್ಟು ಕೊಡುತ್ತಾನೆ! ಟಿಐ ಅಲೋಯನ್ಸ್ ಅಂತ ಹೆಸರು, ಟಿಐ ಅಂದರೆ ಟೆನೆಂಟ್ ಇಂಪ್ರೂವ್‌ಮೆಂಟ್, ಬಾಡಿಗೆದಾರ ಮಾಡಿಸುವ ಒಳಗಿನ ಕೆಲಸ. ಪುಕ್ಕಟೆ ಏನೂ ಕೊಡುವುದಿಲ್ಲ, ಹತ್ತು ವರ್ಷದ ಕರಾರಿನ ಬಾಡಿಗೆಯಲ್ಲಿ ಅವನಿಗೆ ಅದು ವಾಪಸ್ ಬರುತ್ತದೆ. ನಮಗೆ ಒಪ್ಪಿರುವುದು ಚದರ ಅಡಿಗೆ 35, ಒಟ್ಟು 63,000 ಡಾಲರ್.

ಮೊದಲು ನೋಡಿದ ಅಂಗಡಿಯ ಮಾಲೀಕ ಚದರ ಅಡಿಗೆ 60 ಡಾಲರ್ ಕೊಡುತ್ತೇನೆ ಎಂದಿದ್ದ. ನಾನು ಕುಣಿದಾಡಿಬಿಟ್ಟಿದ್ದೆ. ಹೋಗಿ ನೋಡಿದರೆ ಮಣ್ಣಿನ ನೆಲ, ನೀರಿಲ್ಲ, ಎಸಿ ಇಲ್ಲ. ಅಡುಗೆಮನೆಯ ಹೊಗೆ ಎಳೆಯುವ ಹುಡ್ ಇಲ್ಲ, ಜಿಡ್ಡು ತಡೆಯುವ ಗ್ರೀಸ್ ಟ್ರ್ಯಾಪ್ ಇಲ್ಲ. ಎಲ್ಲ ಮಾಡಿಸಲು ಕಂಟ್ರಾಕ್ಟರ್ ಮೂರು ಲಕ್ಷ ಡಾಲರ್ ಮೀರುತ್ತದೆ ಎಂದ. ಈಗ ಹಿಡಿದಿರುವುದು ಮೊದಲೇ ಹೋಟೆಲ್ ಇದ್ದ ಜಾಗ. ಹುಡ್ ಇದೆ, ಟ್ರ್ಯಾಪ್ ಇದೆ. ಮಾಲೀಕ ಕೊಡುವುದು ಕಡಿಮೆ, ಆದರೆ ನಮಗೆ ಉಳಿಯುವುದು ಜಾಸ್ತಿ. ಗೋಡೆ, ಸೀಲಿಂಗ್, ದೀಪ, ಎಸಿ ಇಷ್ಟೇ ಇರುವ ಖಾಲಿ ಅಂಗಡಿಗೆ ಇಲ್ಲಿ ವೆನಿಲ್ಲಾ ಶೆಲ್ ಎನ್ನುತ್ತಾರೆ. ಪುಟ್ಟಿ ಐಸ್‌ಕ್ರೀಂ ಅಂಗಡಿ ಎಂದುಕೊಂಡಿದ್ದಳು.

ಲೆಕ್ಕ ಇದು. ಕಂಟ್ರಾಕ್ಟರ್‌ಗೆ 1,10,000. ನಕ್ಷೆ, ಪರವಾನಗಿಗೆ 12,000. ಅಲೋಯನ್ಸ್‌ನಲ್ಲಿ ಇವೂ ಸೇರುತ್ತವೆ ಎಂದು ಕರಾರಿನಲ್ಲಿ ಬರೆಸಿದ್ದೇವೆ, ಬರೆಸದಿದ್ದರೆ ಕೈಯಿಂದ ಹೋಗುತ್ತಿತ್ತು. ಮನೆ ಕಟ್ಟಿಸುವಾಗ ನೀವು ಮೇಸ್ತ್ರಿ ಹೇಳಿದ್ದರ ಮೇಲೆ ಹತ್ತಕ್ಕೊಂದು ತೆಗೆದಿಟ್ಟಿದ್ದಿರಿ, ನೆನಪಿದೆಯಾ? ಹಾಗೇ 11,000 ತೆಗೆದಿಟ್ಟಿದ್ದೇನೆ. ಒಟ್ಟು 1,33,000. ಮಾಲೀಕನದು ಕಳೆದರೆ ನಮ್ಮದು 70,000. ಅದಕ್ಕೆ ನಮ್ಮ ಉಳಿತಾಯ ಇದೆ, ಸ್ವಲ್ಪ ಬ್ಯಾಂಕ್ ಸಾಲ ಇದೆ. ಗ್ರೈಂಡರ್, ಫ್ರಿಜ್, ಮೇಜು ಇದರಲ್ಲಿ ಸೇರಿಲ್ಲ. ಅವನ್ನು ಸೆಕೆಂಡ್ ಹ್ಯಾಂಡ್ ಆಗಲೇ ತೆಗೆದುಕೊಂಡಾಯಿತು.

ಚಿಕ್ಕಪ್ಪ ಹೆದರಿದ್ದು ಒಂದು ವಿಷಯಕ್ಕೆ ಸರಿಯೇ. ಮಾಲೀಕನ ಹಣ ಮೊದಲು ಬರುವುದಿಲ್ಲ. ನಾವು ಖರ್ಚು ಮಾಡಿ ಬಿಲ್ಲು ತೋರಿಸಬೇಕು. ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರೂ ಹಣ ಸಂದಿದೆ, ಕಟ್ಟಡದ ಮೇಲೆ ತಮ್ಮ ಹಕ್ಕಿಲ್ಲ ಎಂದು ಸಹಿ ಹಾಕಬೇಕು. ಮಾಲೀಕ ಎಲ್ಲ ಮುಗಿದ ಮೇಲೇ ಕೊಡುತ್ತೇನೆ ಎಂದಿದ್ದ. ನಮ್ಮನೆಯವರು ಮೂರು ವಾರ ಪಟ್ಟು ಹಿಡಿದು ಮೂರು ಕಂತಿಗೆ ಒಪ್ಪಿಸಿದರು. ಕೊನೆಯದು ಮಾತ್ರ ನಗರದವರು ಅಂಗಡಿ ತೆರೆಯಲು ಸರ್ಟಿಫಿಕೇಟ್ ಕೊಟ್ಟ ಮೇಲೆ. ಪರವಾನಗಿ ಸಿಕ್ಕ ದಿನದಿಂದ ನಾಲ್ಕು ತಿಂಗಳು ಬಾಡಿಗೆ ಇಲ್ಲ. ಅಂಗಡಿ ಬಿಡುವಾಗ ಎಲ್ಲ ಕಿತ್ತು ಮೊದಲಿನಂತೆ ಮಾಡಿಕೊಡಬೇಕು ಎಂಬ ಸಾಲನ್ನೂ ವಕೀಲರು ಹೊಡೆದುಹಾಕಿಸಿದರು. ನಮ್ಮಿಬ್ಬರ ವೈಯಕ್ತಿಕ ಜಾಮೀನು ಇದೆ, ಮುಚ್ಚಿಡುವುದಿಲ್ಲ. ಅದು ಮೊದಲ ಎರಡು ವರ್ಷಕ್ಕೆ ಮಾತ್ರ. ಏನೂ ಆಗುವುದಿಲ್ಲ ಅಪ್ಪಯ್ಯ, ಖಂಡಿತ ಆಗುವುದಿಲ್ಲ.

ಒಂದು ಖರ್ಚಿಗೆ ನನಗೆ ಸ್ವಲ್ಪವೂ ಬೇಸರವಿಲ್ಲ. ಟಾಯ್ಲೆಟ್ ಒಡೆದು ದೊಡ್ಡದು ಮಾಡಿಸಬೇಕು. ಗಾಲಿಕುರ್ಚಿ ಸುತ್ತ ತಿರುಗಲು 60 ಇಂಚು ಜಾಗ ಬೇಕು, ಗೋಡೆಗೆ ಹಿಡಿಕೆ ಬೇಕು. ಇಲ್ಲಿ 1990ರಿಂದ ಅದಕ್ಕೆ ಕಾನೂನೇ ಇದೆ. ದೊಡ್ಡಪ್ಪನಂಥವರು ಇಲ್ಲಿ ಯಾರ ಕೈಯನ್ನೂ ಹಿಡಿಯದೆ ಹೊರಗೆ ಊಟಕ್ಕೆ ಹೋಗಬಹುದು.

ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ನಾಳೆ ಬೆಳಿಗ್ಗೆ ಏಳಕ್ಕೇ ಪ್ಲಂಬರ್ ಬರುತ್ತಾನೆ, ಇಲ್ಲಿಗೆ ನಿಲ್ಲಿಸುತ್ತೇನೆ. ಅಮ್ಮನಿಗೆ, ಎಲ್ಲರಿಗೂ ನಮಸ್ಕಾರ ಹೇಳಿ. ಸೊಸೈಟಿಗೆ ಕೊಟ್ಟ ಪಹಣಿ ದಯವಿಟ್ಟು ವಾಪಸ್ ತನ್ನಿ, ತಂದ ದಿನವೇ ಫೋನ್ ಮಾಡಿ.

ಇಂತಿ ನಿಮ್ಮ ಮಗಳು