ಜಿನೀವಾದಲ್ಲಿ ಭಾರತ ತಟಸ್ಥವಾಗಿದ್ದೇಕೆ, ಸದನದಲ್ಲಿ ಕೇಳಿ: ಮೈಸೂರು–ಕೊಡಗು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ತಮ್ಮ ಕ್ಷೇತ್ರದೊಳಗೆ ಎರಡು ಟಿಬೆಟನ್ ನೆಲೆಗಳಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಒಂದು, ಹುಣಸೂರು ತಾಲ್ಲೂಕಿನ ಗುರುಪುರ ಇನ್ನೊಂದು. ನಮ್ಮ ಕಡೆಯ ಜನ ‘ಕ್ಯಾಂಪ್’ ಎಂದೇ ಕರೆಯುವ ಈ ಊರುಗಳಲ್ಲಿ ಹೆಚ್ಚಿನವರು ಮತದಾರರಲ್ಲ; ಅವರ ಬಳಿ ಇರುವುದು ವಿದೇಶಿಯರ ನೋಂದಣಿ ಪತ್ರ. ಹಾಗಾಗಿ ತಮ್ಮನ್ನು ಕೇಳಬೇಕಾದ ಹೊಣೆ ಮತ ಇರುವ ನಮ್ಮ ಮೇಲೆ ಬೀಳುತ್ತದೆ. ರಸ್ತೆ, ಚರಂಡಿಗಾಗಿ ಬೇರೆ ಅರ್ಜಿ ಬರೆಯುತ್ತೇನೆ. ಈ ಪತ್ರ ಜಿನೀವಾದಲ್ಲಿ ಭಾರತ ಹಾಕದೆ ಬಿಟ್ಟ ಒಂದು ಮತದ ಬಗ್ಗೆ.

2022ರ ಅಕ್ಟೋಬರ್ 6ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಮುಂದೆ ಒಂದು ಸಣ್ಣ ಪ್ರಸ್ತಾವ ಬಂದಿತ್ತು. ಚೀನಾದ ಷಿನ್‌ಜಿಯಾಂಗ್ ಪ್ರದೇಶದಲ್ಲಿ ಟಿಬೆಟನ್ನರಂತೆಯೇ ಚೀನಾದ ಆಳ್ವಿಕೆಯಡಿ ಬದುಕುತ್ತಿರುವ ಉಯ್ಘರ್ ಮುಸ್ಲಿಮರ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅದೇ ಆಗಸ್ಟ್ 31ರಂದು ವರದಿ ಪ್ರಕಟಿಸಿತ್ತು. ಅಲ್ಲಿ ನಡೆದಿರುವುದು ಮಾನವಕುಲದ ವಿರುದ್ಧದ ಅಪರಾಧವಾಗಬಹುದು ಎಂಬ ಮಾತು ಅದರಲ್ಲಿತ್ತು. ಆ ವರದಿಯನ್ನು ಮುಂದಿನ ಅಧಿವೇಶನದಲ್ಲಿ ಚರ್ಚೆಗೆ ತೆಗೆದುಕೊಳ್ಳೋಣ ಎನ್ನುವುದಷ್ಟೇ ಪ್ರಸ್ತಾವ. ಖಂಡನೆಯಿಲ್ಲ, ತನಿಖೆಯಿಲ್ಲ. ಪರವಾಗಿ 17 ಮತ, ವಿರುದ್ಧ 19, ತಟಸ್ಥ 11. ಭಾರತ ಆ ಹನ್ನೊಂದರಲ್ಲಿತ್ತು.

ನಾವು ಪರವಾಗಿ ನಿಂತಿದ್ದರೂ 18 ಆಗುತ್ತಿತ್ತು, ಪ್ರಸ್ತಾವ ಬಿದ್ದೇ ಬೀಳುತ್ತಿತ್ತು. ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್‌ಗಳೇ ವಿರುದ್ಧ ಕೈಯೆತ್ತಿರುವಾಗ ಸೋಲಿನ ಹೊಣೆಯನ್ನು ದೆಹಲಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಮರುದಿನ ನಮ್ಮದೇ ವಿದೇಶಾಂಗ ಸಚಿವಾಲಯ, ಆ ಪ್ರದೇಶದ ಜನರ ಹಕ್ಕುಗಳಿಗೆ ಗೌರವವೂ ಖಾತರಿಯೂ ಸಿಗಬೇಕು ಎಂದು ಹೇಳಿತು. ಸುದ್ದಿಗಾರರ ಎದುರು ಆಡಬಹುದಾದ ಮಾತು ಮಂಡಳಿಯೊಳಗೆ ಗಂಟಲಲ್ಲಿ ಸಿಕ್ಕಿಕೊಂಡದ್ದೇಕೆ?

ಒಂದು ನಿರ್ದಿಷ್ಟ ದೇಶವನ್ನು ಗುರಿಯಾಗಿಸುವ ನಿರ್ಣಯಗಳಿಗೆ ಭಾರತ ಮತ ಹಾಕುವುದಿಲ್ಲ, ಇದು ನಮ್ಮ ಹಳೆಯ ಪದ್ಧತಿ ಎಂಬ ಉತ್ತರ ಸಿದ್ಧವಾಗಿದೆ. ಆದರೆ 2012 ಮತ್ತು 2013ರಲ್ಲಿ ಇದೇ ಮಂಡಳಿಯಲ್ಲಿ ಶ್ರೀಲಂಕಾದ ವಿರುದ್ಧದ ನಿರ್ಣಯಗಳಿಗೆ ಭಾರತ ಮತ ಹಾಕಿತು. ಅಲ್ಲಿನ ತಮಿಳರ ಸ್ಥಿತಿ ಕಂಡು ತಮಿಳುನಾಡಿನ ಸಂಸದರು ಸದನದಲ್ಲಿ ಸುಮ್ಮನೆ ಕೂರಲಿಲ್ಲ. 2013ರ ಮಾರ್ಚ್‌ನಲ್ಲಿ ಡಿಎಂಕೆ ಇದೇ ಕಾರಣಕ್ಕೆ ಯುಪಿಎ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನೇ ಹಿಂತೆಗೆದುಕೊಂಡಿತು. ಮರುವರ್ಷ ಭಾರತ ಮತ್ತೆ ತಟಸ್ಥ. ಟಿಬೆಟಿನ ವಿಷಯವೂ ಹೀಗೆಯೇ. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 1959ರಲ್ಲಿ ಟಿಬೆಟ್ ನಿರ್ಣಯ ಬಂದಾಗ ತಟಸ್ಥವಾಗಿದ್ದ ಭಾರತ, ಚೀನಾ ಯುದ್ಧವಾದ ಮೇಲೆ, 1965ರಲ್ಲಿ ಅಂಥದೇ ನಿರ್ಣಯವನ್ನು ಬೆಂಬಲಿಸಿತು. ಯಾರಾದರೂ ಪಟ್ಟು ಹಿಡಿದರೆ ಪದ್ಧತಿ ಬದಲಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕುಶಾಲನಗರದ ಪೇಟೆಯಲ್ಲಿ ಟಿಬೆಟನ್ ಅಜ್ಜಿಯರು ಮೆಣಸಿನಕಾಯಿಗೆ ಕನ್ನಡದಲ್ಲೇ ಚೌಕಾಶಿ ಮಾಡುತ್ತಾರೆ, ಅದೇ ಉಸಿರಿನಲ್ಲಿ ಮೊಮ್ಮಕ್ಕಳನ್ನು ಟಿಬೆಟನ್ ಭಾಷೆಯಲ್ಲಿ ಗದರುತ್ತಾರೆ. ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಜಮೀನು ಕೊಟ್ಟದ್ದರಿಂದ ಆ ಮಕ್ಕಳಿಗೆ ಇಲ್ಲಿ ತಮ್ಮ ಲಿಪಿ ಕಲಿಸುವ ಶಾಲೆಗಳಿವೆ. ಟಿಬೆಟಿನೊಳಗೆ ಆ ಭಾಗ್ಯವಿಲ್ಲ. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳು ಚೀನಾ ಸರ್ಕಾರದ ವಸತಿ ಶಾಲೆಗಳ ವ್ಯವಸ್ಥೆಗೆ ಸಿಲುಕಿದ್ದಾರೆ, ಅಲ್ಲಿ ಪಾಠ ಹೆಚ್ಚಾಗಿ ಮ್ಯಾಂಡರಿನ್‌ನಲ್ಲೇ ನಡೆಯುತ್ತದೆ ಎಂದು 2023ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ವಿಶೇಷ ತಜ್ಞರು ಎಚ್ಚರಿಸಿದರು. ಯೂಷು ಪಟ್ಟಣದ ಅಂಗಡಿಕಾರ ತಾಶಿ ವಾಂಗ್‌ಚುಕ್ ಕೇಳಿದ್ದು ಮಕ್ಕಳಿಗೆ ಟಿಬೆಟನ್ ಕಲಿಕೆಯನ್ನು ಮಾತ್ರ, ಅದೂ ಚೀನಾದ ಸಂವಿಧಾನದ 4ನೇ ವಿಧಿಯನ್ನು ಹಿಡಿದುಕೊಂಡು. ವಿದೇಶಿ ಪತ್ರಿಕೆಯೊಂದರ ವಿಡಿಯೊದಲ್ಲಿ ಮಾತನಾಡಿದ ಮೇಲೆ 2016ರ ಜನವರಿಯಲ್ಲಿ ಅವರನ್ನು ಬಂಧಿಸಿದರು. ಪ್ರತ್ಯೇಕತೆಗೆ ಪ್ರಚೋದನೆ ಎಂಬ ಆರೋಪ, ಐದು ವರ್ಷ ಸೆರೆ. ಅಲ್ಪಸಂಖ್ಯಾತ ಸಮುದಾಯದ ಮಗುವಿಗೆ ತನ್ನ ಭಾಷೆಯನ್ನು ನಿರಾಕರಿಸಬಾರದು ಎನ್ನುವ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಚೀನಾ, ಭಾರತ ಎರಡೂ 1992ರಲ್ಲಿ ಒಪ್ಪಿಕೊಂಡಿವೆ. ಅದನ್ನು ನೆನಪಿಸಲು ನಮಗೆ ಹಕ್ಕಿದೆ.

ದೆಹಲಿಯ ಹಿಂಜರಿಕೆಯ ಅಸಲು ಕಾರಣವನ್ನು ಮುಚ್ಚಿಡುವುದೂ ಬೇಡ. ಇಂದು ನಾವು ಇನ್ನೊಬ್ಬರತ್ತ ಬೆರಳು ತೋರಿಸಿದರೆ ನಾಳೆ ಕಾಶ್ಮೀರ, ಮಣಿಪುರ ಎಂದು ನಮ್ಮತ್ತ ತೋರಿಸುತ್ತಾರೆಂಬ ಅಳುಕು ಅದು. ತೋರಿಸಲಿ, ಉತ್ತರ ಕೊಡೋಣ. ಪ್ರಶ್ನೆಗೆ ಹೆದರುವ ದೇಶಕ್ಕೆ ಭದ್ರತಾ ಮಂಡಳಿಯ ಕಾಯಂ ಸ್ಥಾನವೇಕೆ ಎಂದು ಯಾರಾದರೂ ಕೇಳಿದರೆ ಆಗಲೂ ಬಾಯಿ ಮುಚ್ಚಿಕೊಂಡಿರಬೇಕಾದೀತು. ಮನೆಯೊಳಗಿನ ಲೋಪವೂ ಸಣ್ಣದಲ್ಲ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ಇಲ್ಲ. ಬೈಲಕುಪ್ಪೆಯವರು ನೆಮ್ಮದಿಯಿಂದ ಇರುವುದು ಸರ್ಕಾರಗಳ ಔದಾರ್ಯದಿಂದ. ಆ ಔದಾರ್ಯ ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾಗಳಿಗೆ ಸಿಗಲಿಲ್ಲ. ಟಿಬೆಟನ್ನರ ಪರ ಮಾತನಾಡಿ ಇವರ ವಿಷಯ ಬಂದಾಗ ಮುಖ ತಿರುಗಿಸುವವರ ಸಾಲಿನಲ್ಲಿ ನಾನಿಲ್ಲ.

ತಾವು ಆಡಳಿತ ಪಕ್ಷದವರು, ಸಚಿವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಕಷ್ಟವೆಂದು ಬಲ್ಲೆ. ಆದರೂ ಲೋಕಸಭೆಯ ಮುಂದಿನ ಅಧಿವೇಶನದಲ್ಲಿ ವಿದೇಶಾಂಗ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಹಾಕಿ. ಲಿಖಿತ ಉತ್ತರವಾದರೆ ಎರಡು ಸಾಲಿನಲ್ಲಿ ಜಾರಿಕೊಳ್ಳುತ್ತಾರೆ. ಚುಕ್ಕೆ ಗುರುತಿನದಾದರೆ ಎದ್ದು ನಿಂತು ಉತ್ತರಿಸಬೇಕು, ತಾವು ಉಪಪ್ರಶ್ನೆ ಕೇಳಬಹುದು. 2022ರ ತಟಸ್ಥ ನಿಲುವಿಗೆ ಕಾರಣವೇನು, ಶ್ರೀಲಂಕಾಕ್ಕೆ ಅನ್ವಯಿಸದ ಪದ್ಧತಿ ಚೀನಾಕ್ಕೆ ಅನ್ವಯಿಸಿದ್ದು ಹೇಗೆ, ಟಿಬೆಟಿನ ವಸತಿ ಶಾಲೆಗಳ ಬಗ್ಗೆ ಬೀಜಿಂಗ್ ಜೊತೆ ಭಾರತ ಒಮ್ಮೆಯಾದರೂ ಮಾತನಾಡಿದೆಯೇ, ಇಷ್ಟು ತಿಳಿದರೆ ಸದ್ಯಕ್ಕೆ ಸಾಕು. ಹದಿನೈದು ದಿನ ಮೊದಲೇ ನೋಟಿಸ್ ಕೊಡಬೇಕಿರುವುದರಿಂದ ಪ್ರಶ್ನೆಯ ಕರಡನ್ನು ಈ ಪತ್ರದ ಜೊತೆಗೇ ತಮ್ಮ ಕಚೇರಿಗೆ ಕಳುಹಿಸುತ್ತಿದ್ದೇನೆ. ಕೇಳಲಾಗುವುದಿಲ್ಲ ಎಂದಾದರೆ ಅದನ್ನೂ ಬರೆದು ತಿಳಿಸಿ.

ಇಂತಿ,
ಪಿರಿಯಾಪಟ್ಟಣ ತಾಲ್ಲೂಕಿನ ಒಬ್ಬ ಮತದಾರ